ಪಾತ್ರೆ ಅಂಗಡಿಯ ಬಸರಿ

ಆಲ್ದೂರಿನಲ್ಲಿ ಬಸ್ಸು ನಿಲ್ಲುವ ಜಾಗದಿಂದ ನಾಲ್ಕು ಅಂಗಡಿ ಆಚೆಗೆ ಬಸವರಾಜಪ್ಪನವರ ಪಾತ್ರೆ ಅಂಗಡಿ ಇದೆ. ಬೋರ್ಡಿನ ಮೇಲೆ ಅವರ ಹೆಸರೇ ಇದ್ದರೂ ಸುತ್ತಿನ ಎಸ್ಟೇಟುಗಳವರೆಲ್ಲ ಅದನ್ನು ರುದ್ರಾಣಮ್ಮನ ಅಂಗಡಿ ಎಂದೇ ಕರೆಯುವುದು. ರುದ್ರಾಣಮ್ಮ ಅವರ ಹೆಂಡತಿ. ಸಂತೆಯ ದಿನ ನನ್ನ ಬಾಳೆಕಾಯಿ, ಕೆಸುವಿನ ಗಡ್ಡೆ ಖರ್ಚಾದ ಮೇಲೆ ನಮ್ಮ ಕಡೆಯ ಬಸ್ಸು ಬರುವ ತನಕ ಅಲ್ಲಿಯ ಬೆಂಚಿನ ಮೇಲೆ ಕೂರುವುದು ನನಗೆ ಬಹಳ ವರ್ಷದ ರೂಢಿ. ಯಾಕೆ ಕೂತೆ ಎಂದು ಅವರು ಒಂದು ದಿನವೂ ಕೇಳಿದವರಲ್ಲ. ಹಾಗೆ ಕೂತಲ್ಲಿ ಕಿವಿಗೆ ಬಿದ್ದದ್ದು, ಕಣ್ಣಿಗೆ ಕಂಡದ್ದು ಇದು.

ರುದ್ರಾಣಮ್ಮನಿಗೆ ಅರವತ್ತು ದಾಟಿದೆ. ಎತ್ತರದ ಹೆಂಗಸು. ಹಣೆಯಲ್ಲಿ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಒಂದು ತುಂಡು ಬಟ್ಟೆ. ಮಾತಾಡುತ್ತಾ ಆಡುತ್ತಾ ಆ ಬಟ್ಟೆಯಿಂದ ಕೈಗೆ ಸಿಕ್ಕ ಪಾತ್ರೆಯನ್ನು ಒರೆಸುತ್ತಲೇ ಇರುತ್ತಾರೆ. ಪಕ್ಕದ ಎಸ್ಟೇಟಿನ ಮೇಸ್ತ್ರಿ ಸುಬ್ಬಣ್ಣ ಒಮ್ಮೆ, "ರುದ್ರಾಣಮ್ಮನ ಎದುರು ಬಹಳ ಹೊತ್ತು ನಿಲ್ಲಬಾರದು ಮಾರಾಯ, ನಮ್ಮ ಬೋಳು ತಲೆನೂ ಒರೆಸಿ ಶೆಲ್ಫಿಗೆ ಇಟ್ಟುಬಿಡ್ತಾರೆ" ಎಂದಿದ್ದ. "ಇಟ್ರೂ ತಗೊಳ್ಳೋರು ಬೇಕಲ್ಲ ಸುಬ್ಬಣ್ಣ" ಎಂದು ಅವರು ಒರೆಸುವುದನ್ನು ಮುಂದುವರಿಸಿದ್ದರು.

ಗಿರಾಕಿ ಬಂದು ಒಂದು ಪಾತ್ರೆ ಕೊಡಿ ಎಂದರೆ ಅವರು ಕೂಡಲೇ ಕೊಡುವುದಿಲ್ಲ. ಮನೇಲಿ ಎಷ್ಟು ಜನ ಎಂದು ಕೇಳುತ್ತಾರೆ. ಬಂದು ಹೋಗುವವರು ಎಷ್ಟು ಎಂದು ಕೇಳುತ್ತಾರೆ. ಕಾಫಿ ಕೊಯ್ಲಿಗೆ ಆಳುಗಳಿಗೆ ಅಡಿಗೆ ನೀವೇ ಮಾಡುತ್ತೀರಾ ಎಂದು ಕೇಳುತ್ತಾರೆ. ಇಷ್ಟೆಲ್ಲ ಕೇಳಿ ಆದ ಮೇಲೆ ಲೆಕ್ಕಕ್ಕೆ ಸರಿಯಾದ ಪಾತ್ರೆ ಕೈಗೆ ತೆಗೆದುಕೊಂಡು, ಅದನ್ನು ಕೊಡದೆ ಅದರ ಮೇಲಿನದನ್ನು ಕೊಡುತ್ತಾರೆ. "ಒಂದು ಸೈಜ್ ದೊಡ್ಡದೇ ಇರಲಿ. ಇಕ್ಕಟ್ಟಾದ ಪಾತ್ರೇಲಿ ಅನ್ನನೂ ಬೇಯಲ್ಲ." ವ್ಯಾಪಾರಕ್ಕಾಗಿ ಹೇಳುವ ಮಾತಲ್ಲ ಅದು. ಅವರು ನಂಬಿದ್ದೇ ಹಾಗೆ.

ನಂಬಿಕೆಗೆ ಕಾರಣವೂ ಇತ್ತು. ಕಡೂರಿನ ಬಯಲುಸೀಮೆಯಿಂದ ಈ ಮನೆಗೆ ಸೊಸೆಯಾಗಿ ಬಂದಾಗ ಅಂಗಡಿಯ ಹಿಂದೆ ಇದ್ದದ್ದು ಎರಡೇ ಕೋಣೆ. ಅತ್ತೆ, ಮಾವ, ಮೈದುನರು, ಮದುವೆಯಾಗದ ನಾದಿನಿಯರು ಎಲ್ಲರೂ ಅಲ್ಲೇ. ಅಂಗಡಿಯಲ್ಲಿ ಹಿಡಿಯದ ಮಾಲೂ ಅಲ್ಲೇ. ಸ್ಟೀಲ್ ಲೋಟಗಳನ್ನು ಒಂದರೊಳಗೊಂದು ಸೇರಿಸಿ ಗೋಡೆಯುದ್ದಕ್ಕೂ ನಿಲ್ಲಿಸಿರುತ್ತಿದ್ದರಂತೆ. ಮಲಗಿದವರು ನಿದ್ದೆಗಣ್ಣಿನಲ್ಲಿ ಕಾಲು ಚಾಚಿದರೆ ಅಷ್ಟೂ ಲೋಟ ಮೈಮೇಲೆ. "ಮೊದಲ ವರ್ಷ ನಾನು ಕಾಲು ಮಡಚಿಕೊಂಡೇ ಮಲಗಿದ್ದು ತುಂಗಮ್ಮ. ಈಗ ಇಷ್ಟಗಲ ಮಂಚ ಇದೆ. ಈಗಲೂ ಕಾಲು ಚಾಚಕ್ಕೆ ಬರಲ್ಲ" ಎಂದು ನನಗೊಮ್ಮೆ ಹೇಳಿದ್ದರು. ನಗುತ್ತಲೇ ಹೇಳಿದ್ದು.

ಬಸವರಾಜಪ್ಪನವರದು ಬೇರೆ ನಂಬಿಕೆ. ಅದು ಅವರ ಅಪ್ಪನಿಂದ ಬಂದದ್ದು. ಅಂಗಡಿಯಿಂದ ಸೋರುವ ಪಾತ್ರೆ ಆಚೆಗೆ ಹೋಗಬಾರದು. ಲೋಟವಾಗಲಿ ಹಂಡೆಯಾಗಲಿ, ಮಾರುವ ಮೊದಲು ನೀರು ತುಂಬಿ ಹಳೇ ಪೇಪರಿನ ಮೇಲೆ ಇಡುತ್ತಾರೆ. ಗಿರಾಕಿಗೆ ಬಸ್ಸು ತಪ್ಪಿದರೂ ಸರಿ, ಪೇಪರು ಒಣಗಿಯೇ ಇದೆ ಎಂದು ಕಣ್ಣಿಗೆ ಕಂಡ ಮೇಲೆಯೇ ಕೊಡುವುದು. ಮಾತು ಕಡಿಮೆ ಅವರದು. ನೀರು ಇಡುವುದು, ಕಾಯುವುದು, ಒರೆಸುವುದಕ್ಕೆ ಹೆಂಡತಿಯ ಕೈಗೆ ಕೊಡುವುದು.

ಈ ಅಂಗಡಿಯ ಮೆಟ್ಟಿಲ ಪಕ್ಕದಲ್ಲಿ ಒಂದು ಸ್ಟೂಲು, ಸ್ಟೂಲಿನ ಮೇಲೆ ಒಂದು ಬಣ್ಣದ ಡಬ್ಬ, ಡಬ್ಬದಲ್ಲಿ ಒಂದು ಬಸರಿ ಮರ. ಗಿಡ ಅಲ್ಲ, ಮರವೇ. ಎತ್ತರ ಒಂದು ಮೊಳ ಇದ್ದೀತು. ಆದರೆ ಬುಡ ನೋಡಿದರೆ ಮುದುಕರ ಮೊಣಕಾಲಿನ ಹಾಗೆ ಗಂಟುಗಂಟು. ಎರಡು ದೊಡ್ಡ ಕೊಂಬೆ. ಒಂದು ರಸ್ತೆಯ ಕಡೆಗೆ ಚಾಚಿದ್ದು, ಇನ್ನೊಂದು ಅಂಗಡಿಯ ಒಳಗೆ ಬಗ್ಗಿ ನೋಡುತ್ತಿದ್ದದ್ದು. ಎಲೆ ಉದುರಿ ಹೊಸತು ಬರುವಾಗ ಅಷ್ಟು ಚಿಕ್ಕ ಮರವೂ ಎಸ್ಟೇಟಿನ ದೊಡ್ಡ ಬಸರಿಗಳ ಹಾಗೆಯೇ ತಾಮ್ರದ ಬಣ್ಣಕ್ಕೆ ತಿರುಗುತ್ತಿತ್ತು.

ಅದು ಬಂದದ್ದು ಅಂಗಡಿಯ ಗೋಡೆಯಿಂದ. ಯಾವುದೋ ಹಕ್ಕಿ ಹಣ್ಣು ತಿಂದು ಉದುರಿಸಿದ ಬೀಜ, ಬಾಗಿಲ ಮೇಲಿನ ಸಜ್ಜೆಯ ಬಿರುಕಿನಲ್ಲಿ ಮೊಳೆತಿತ್ತು. ಬಿಟ್ಟರೆ ಗೋಡೆ ಸೀಳುತ್ತದೆ ಎಂದು ಮಾವನವರು ಕತ್ತಿ ತಂದರಂತೆ. ಹಸಿರು ಮರವನ್ನು ಮಟಮಟ ಮಧ್ಯಾಹ್ನ ಯಾಕೆ ಕಡಿಯುವುದು ಎಂದು ಸೊಸೆ ಏಣಿ ಹಾಕಿ, ಚಮಚದ ಹಿಡಿಯಿಂದ ಮೀಟಿ ಮೀಟಿ ಬೇರು ಸಮೇತ ತೆಗೆದು, ಗೋಡೆಗೆ ಬಣ್ಣ ಹೊಡೆದು ಉಳಿದಿದ್ದ ಡಬ್ಬದಲ್ಲಿ ಊರಿದರು. ಬೆಳೆದು ಗಿರಾಕಿಗಳ ತಲೆಗೆ ತಾಗುತ್ತದೆ ಎಂದು ಹುರಿ ಕತ್ತರಿಸುವ ಕತ್ತರಿಯಲ್ಲಿ ಆಗಾಗ ತುದಿ ಕತ್ತರಿಸುತ್ತಿದ್ದರು. ಅಷ್ಟೇ. ಡಬ್ಬ ಚಿಕ್ಕದು, ಕತ್ತರಿ ಪಕ್ಕದಲ್ಲೇ, ಮರ ತನ್ನಷ್ಟಕ್ಕೆ ತಾನು ಕುಳ್ಳಾಗಿ ಮುದಿಯಾಯಿತು.

ಅದಕ್ಕೊಂದು ಹೆಸರಿದೆ ಎಂದು ಹೇಳಿದವಳು ಶಾಲಿನಿ. ಆಲ್ದೂರಿನ ಹೊರಗೆ ಅವರ ತೋಟವಿದೆ, ತೋಟದ ಮನೆಯಲ್ಲಿ ಹೋಮ್‌ಸ್ಟೇ ಇದೆ. ಬಂದವರು ಫೋಟೋ ತೆಗೆದುಕೊಳ್ಳಲಿ ಎಂದು ಹೂವು ತೇಲಿಬಿಡುವ ಹಿತ್ತಾಳೆ ಉರುಳಿಗಳನ್ನು ಕೊಳ್ಳಲು ಬರುವ ಹುಡುಗಿ. ಹುಡುಗಿ ಎಂದರೆ ನಲವತ್ತರ ಹತ್ತಿರ.

"ಆಂಟಿ, ಇದು ಬೋನ್ಸಾಯ್. ನಾನು ಕ್ಲಾಸಿಗೆ ಹೋಗಿ ಕಲಿತು ನಾಲ್ಕು ಸಾಯಿಸಿದ್ದೀನಿ. ನೀವು ಹೇಗೆ ಮಾಡಿದ್ರಿ?"

"ನಾನೆಲ್ಲಿ ಮಾಡಿದೆ. ಇದ್ದಲ್ಲಿ ಇತ್ತು."

ಆದರೆ ಅವತ್ತಿನಿಂದ ರುದ್ರಾಣಮ್ಮನಿಗೆ ಮರದ ಮೇಲೆ ಬೇರೆ ಥರದ ಆಸೆ ಹುಟ್ಟಿತು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಎಲೆಗಳನ್ನು ಒಂದೊಂದಾಗಿ ಒರೆಸುವುದು. ಯಾರಾದರೂ ಮುಟ್ಟಿದರೆ, "ಸ್ವಲ್ಪ ನೋಡಿಕೊಂಡು, ಅದಕ್ಕೆ ವಯಸ್ಸಾಗಿದೆ" ಎನ್ನುವುದು. ಅಂಗಡಿ ಮಾವನದು, ಬೋರ್ಡು ಗಂಡನದು, ಆ ಮರವೊಂದು ಅವರದು. ಬಾಯಿಬಿಟ್ಟು ಹಾಗೆ ಹೇಳಿದವರಲ್ಲ. ಮುಟ್ಟುವ ರೀತಿಯಲ್ಲಿ ಕಾಣುತ್ತಿತ್ತು.

ಹೋದ ವರ್ಷ ಬೇಸಿಗೆಯ ಕೊನೆಯಲ್ಲಿ, ಮೊದಲ ಗುಡುಗು ಮಳೆ ಬಂದು ಹೋದ ಮೇಲೆ, ಸ್ಟೂಲು ಒರೆಸಲು ಡಬ್ಬ ಎತ್ತಿದರು. ಡಬ್ಬ ಕೈಗೆ ಬಂತು, ತಳ ಸ್ಟೂಲಿನ ಮೇಲೆಯೇ ಉಳಿಯಿತು. ತುಕ್ಕು ತಿಂದು ತಿಂದು ಜಾಲರಿಯಾಗಿತ್ತು. ಮಣ್ಣು ಉದುರಿ ಬೇರು ನೇತಾಡಿತು. ಹೊಸ ಪಾತ್ರೆ ಆಗಲೇ ಬೇಕು.

ನಾನು ಬೆಂಚಿನ ಮೇಲೆ ಇದ್ದೆ. ಸುಬ್ಬಣ್ಣ ಬುತ್ತಿ ಕ್ಯಾರಿಯರ್ ಕೊಳ್ಳಲು ಬಂದವನು ನಿಂತಿದ್ದ.

"ನೆಲಕ್ಕೆ ಹಾಕಿಬಿಡಿ ಅತ್ಲಾಗೆ. ನಮ್ಮ ಎಸ್ಟೇಟಲ್ಲಿ ಮೂಲೆಗೆ ಶೇಡ್ ಕಡಿಮೆ ಇದೆ. ಕೊಡಿ, ನಾನೇ ನೆಡ್ತೀನಿ."

"ಇಷ್ಟು ವರ್ಷ ಸಾಕಿದ್ದು ನಿಮ್ಮ ಕಾಫಿ ಗಿಡಕ್ಕೆ ಕೊಡೆ ಹಿಡಿಯಕ್ಕಾ" ಎಂದರು ರುದ್ರಾಣಮ್ಮ.

ಶಾಲಿನಿಗೆ ಫೋನು ಮಾಡಿದರು. ಅವಳು ಆ ಕಡೆಯಿಂದ ಹೇಳಿದ್ದು ಸ್ಪೀಕರಿನಲ್ಲಿ ನಮಗೆಲ್ಲ ಕೇಳಿತು. ಕುಂಡ ತಟ್ಟೆಯ ಹಾಗೆ ಇರಬೇಕು. ಬುಡ ಎಷ್ಟು ದಪ್ಪವೋ ಅಷ್ಟೇ ಆಳ. ಅಗಲ ಮರದ ಎತ್ತರಕ್ಕಿಂತ ಕಡಿಮೆ. ಕೆಳಗೆ ತೂತು.

"ಪಾತ್ರೆ ಕಣ್ಣಿಗೆ ಹೊಡೀಬಾರದು ಆಂಟಿ. ನೋಡಿದವರಿಗೆ ಮೊದಲು ಮರ ಕಾಣಬೇಕು."

"ಆಯ್ತಮ್ಮ" ಎಂದು ಫೋನು ಇಟ್ಟವರು ನನ್ನ ಕಡೆ ತಿರುಗಿದರು. "ಪಾತ್ರೆ ಕಣ್ಣಿಗೆ ಬೀಳಬಾರದಂತೆ. ಪಾತ್ರೆ ಅಂಗಡೀಲಿ ಕೂತು ಕೇಳೋ ಮಾತಾ ಇದು? ಬುಡದಷ್ಟೇ ಆಳ ಅಂದ್ರೆ ನಾಲ್ಕು ಬೆರಳು. ನಾಲ್ಕು ಬೆರಳಲ್ಲಿ ಎಂತ ಬೇರು ಬಿಡುತ್ತೆ ಪಾಪ?"

"ಅವಳು ಕಲಿತವಳು" ಎಂದೆ ನಾನು.

"ನಾಲ್ಕು ಸಾಯಿಸಿದವಳು ಕೂಡ."

ಶೆಲ್ಫಿನ ಮುಂದೆ ಅವರು ನಿಂತದ್ದು ನೋಡಬೇಕಿತ್ತು. ಊರಿಗೆಲ್ಲ ಪಾತ್ರೆ ಆರಿಸಿ ಕೊಟ್ಟ ಕೈ, ಇದನ್ನು ಮುಟ್ಟಿ ಅದನ್ನು ಬಿಟ್ಟು, ಅದನ್ನು ಮುಟ್ಟಿ ಇದನ್ನು ಬಿಟ್ಟು ತಡವರಿಸಿತು. ಸ್ಟೀಲು ಬಿಸಿಲಿಗೆ ಕಾಯುತ್ತದೆ. ಅಲ್ಯೂಮಿನಿಯಂ ಬಡತನ. ಕೊನೆಗೆ ಮೇಲಿನ ಸಾಲಿನಿಂದ ಒಂದು ಹಿತ್ತಾಳೆ ಬೋಗುಣಿ ಇಳಿಸಿದರು. ಮದುವೆ ಮನೆಯಲ್ಲಿ ಪಾಯಸ ಬಡಿಸುವಂಥದ್ದು, ಕಂಠದ ಸುತ್ತ ಬಳ್ಳಿ ಕೆತ್ತನೆ, ಎರಡು ಕಡೆ ಕಿವಿ. ಅದರ ಕೆಳಗಿನ ಸೈಜೂ ಅಲ್ಲೇ ಇತ್ತು. ಅದನ್ನೂ ಒಮ್ಮೆ ಕೈಗೆ ತೆಗೆದುಕೊಂಡು, ವಾಪಸ್ ಇಟ್ಟರು.

"ಡಬ್ಬದಲ್ಲಿ ಕಾಲು ಮಡಚಿಕೊಂಡು ಬದುಕಿದ್ದು ಸಾಕು. ಇನ್ನಾದರೂ ಚಾಚಲಿ."

ಬಸವರಾಜಪ್ಪನವರು ಬೋಗುಣಿಯನ್ನು ತೆಗೆದುಕೊಂಡು ಹೋಗಿ ನೀರು ತುಂಬಿ, ಪೇಪರ್ ಹಾಸಿ ಇಟ್ಟರು. ಕಾದರು. ಎತ್ತಿ ನೋಡಿದರು. ಒಂದು ಹನಿಯ ಗುರುತಿಲ್ಲ. ನೀರು ಚೆಲ್ಲಿ ಹೆಂಡತಿಯ ಕೈಗೆ ಕೊಟ್ಟು, "ಇದು ನಮ್ಮ ಕಾಲಕ್ಕೂ ಸೋರಲ್ಲ" ಎಂದರು. ರುದ್ರಾಣಮ್ಮ ಬಟ್ಟೆ ತೆಗೆದು ಒರೆಸಿದರು. ತೂತಿನ ಮಾತು ಅವರ ಬಾಯಿಗೂ ಬರಲಿಲ್ಲ, ಇವರ ಬಾಯಿಗೂ ಬರಲಿಲ್ಲ. ನನಗೂ ಹೊಳೆಯಲಿಲ್ಲ. ಆ ಅಂಗಡಿಯಲ್ಲಿ ಕೂತವರಿಗೆ ತೂತು ಎಂದರೆ ಒಂದು ದೋಷ, ಬೇಕೆಂದು ಕೇಳುವ ವಸ್ತುವಲ್ಲ.

ಕೆಮ್ಮಣ್ಣು, ಗೊಬ್ಬರ, ತೋಟದ ಕಪ್ಪು ಮಣ್ಣು ಸೇರಿಸಿ ಕಂಠದ ತನಕ ತುಂಬಿದರು. ಹಿತ್ತಾಳೆ ಝಗಝಗ, ನಡುವೆ ಬಸರಿ. ಸಂತೆಗೆ ಬಂದವರೆಲ್ಲ ನಿಂತು ನೋಡಿಹೋದರು. ಒಬ್ಬಾಕೆ ಬೋಗುಣಿಗೆ ಎಷ್ಟು ಎಂದು ಕೇಳಿದಳು. ಮರವನ್ನು ಯಾರೂ ಕೇಳಲಿಲ್ಲ.

ಜೂನ್ ಬಂತು. ನಮ್ಮ ಕಡೆಯ ಮಳೆ ಗೊತ್ತಲ್ಲ. ಹಿಡಿದರೆ ಬಿಡುವುದಿಲ್ಲ. ಸಜ್ಜೆಯ ಕೆಳಗಿದ್ದರೂ ಎರಚಲು ಬಿಡಬೇಕಲ್ಲ. ಮಿಥುನದ ಮಳೆ ಕಳೆಯುವ ಹೊತ್ತಿಗೆ ಎಲೆ ಹಳದಿಯಾಗಿ ಉದುರಲು ಶುರುವಾಯಿತು. ಬಸರಿ ವರ್ಷಕ್ಕೊಮ್ಮೆ ಎಲೆ ಉದುರಿಸುವುದು ಹೌದು, ಆದರೆ ಈ ಕಾಲದಲ್ಲಿ ಅಲ್ಲ. ರುದ್ರಾಣಮ್ಮ ಮಣ್ಣಿಗೆ ಬಲ ಸಾಲದು ಎಂದುಕೊಂಡು ಮತ್ತಷ್ಟು ಗೊಬ್ಬರ ಹಾಕಿದರು. ಎಲೆ ಇನ್ನೂ ಜೋರಾಗಿ ಉದುರಿತು.

"ಉಂಡು ಉಂಡು ಹೀಗಾಯ್ತಾ, ಉಣ್ಣದೆ ಹೀಗಾಯ್ತಾ ಗೊತ್ತಾಗ್ತಿಲ್ಲ ತುಂಗಮ್ಮ. ಮಗುವಾಗಿದ್ರೆ ಅಳ್ತಿತ್ತು."

ನಾನು ಹೋದಾಗಲೆಲ್ಲ ಅವರು ಗಿರಾಕಿಯೊಂದಿಗೆ ಮಾತಾಡುತ್ತಿದ್ದರೂ ಕಣ್ಣು ಸ್ಟೂಲಿನ ಮೇಲೆಯೇ. ಒಮ್ಮೆ ಮೈಮರೆತು ಮೂರು ಜನರ ಮನೆಗೆ ಕೇಳಿದ ಕುಕ್ಕರನ್ನು ಮುಚ್ಚಳವೇ ಇಲ್ಲದೆ ಕೊಟ್ಟು ಕಳಿಸಿದ್ದರು.

ಆಷಾಢದ ಒಂದು ಸಂತೆ. ಶಾಲಿನಿ ಕೊಡೆ ಮಡಚಿ ಒಳಗೆ ಬಂದವಳು ಮರ ನೋಡಿ ಅಲ್ಲೇ ನಿಂತಳು. ಬೋಗುಣಿಯ ಕೆಳಗೆ ಕೈ ಹಾಕಿ ತಡವಿದಳು.

"ಆಂಟಿ, ಹೋಲ್ ಎಲ್ಲಿ?"

ಉತ್ತರ ಕೊಟ್ಟದ್ದು ಬಸವರಾಜಪ್ಪನವರು. "ನಮ್ಮ ಅಂಗಡಿ ಪಾತ್ರೇಲಿ ತೂತು ಇರಲ್ಲಮ್ಮ."

ಹೇಳಿದ ಮೇಲೆ ಅವರಿಗೇ ತಿಳಿಯಿತು. ಬಾಯಿ ಅರ್ಧ ತೆರೆದುಕೊಂಡೇ ಉಳಿಯಿತು. ರುದ್ರಾಣಮ್ಮ ಒರೆಸುತ್ತಿದ್ದ ತಟ್ಟೆಯನ್ನು ಕೆಳಗಿಟ್ಟರು.

ಹಿಂದಿನ ಅಂಗಳದಲ್ಲಿ ಬೋಗುಣಿ ಬಗ್ಗಿಸಿದರು. ಮೊದಲು ಬಂದದ್ದು ನೀರು, ಆಮೇಲೆ ವಾಸನೆ, ಆಮೇಲೆ ಮಣ್ಣು. ಕೆಸರುಗದ್ದೆಯಲ್ಲಿ ಕೊಳೆತ ಹುಲ್ಲಿನ ವಾಸನೆ. ಬೇರುಗಳು ಕರ್ರಗೆ, ಮುಟ್ಟಿದರೆ ಸಿಪ್ಪೆ ಕೈಗೆ ಬರುತ್ತಿತ್ತು. ಶಾಲಿನಿ ಬ್ಯಾಗಿನಿಂದ ಕತ್ತರಿ ತೆಗೆದು ರುದ್ರಾಣಮ್ಮನ ಕೈಗೆ ಕೊಟ್ಟಳು. "ನೀವೇ ಕತ್ತರಿಸಿ. ಕಪ್ಪಗಿರೋದೆಲ್ಲ ಹೋಗಬೇಕು. ಬಿಳಿ ಕಂಡಲ್ಲಿ ನಿಲ್ಲಿಸಿ."

ಕತ್ತರಿಸಿ ಕತ್ತರಿಸಿ ಉಳಿದದ್ದು ಒಂದು ಮುಷ್ಟಿ.

"ಇಷ್ಟು ಬೇರಿಗೆ ಎರಡು ಕೊಂಬೆ ಸಾಕಕ್ಕಾಗಲ್ಲ ಆಂಟಿ. ಒಂದು ತೆಗೀಬೇಕು."

ಯಾವುದು ಎಂದು ಯಾರೂ ಹೇಳಲಿಲ್ಲ. ಎರಡರಲ್ಲಿ ರಸ್ತೆ ಕಡೆಯದೇ ಚೆಂದದ್ದು, ಜನ ನಿಂತು ನೋಡುತ್ತಿದ್ದದ್ದು ಅದನ್ನೇ. ರುದ್ರಾಣಮ್ಮ ಬಹಳ ಹೊತ್ತು ಎರಡನ್ನೂ ಉಗುರಿನಿಂದ ಒತ್ತಿ ಒತ್ತಿ ನೋಡಿದರು. ರಸ್ತೆ ಕಡೆಯದು ತುದಿಯಿಂದ ಆಗಲೇ ಸುಕ್ಕಾಗಿತ್ತು. ಕತ್ತರಿ ಹಾಕಿದರು. ಹಾಲು ಒಸರಿತು. ಸೊಂಟದ ಬಟ್ಟೆ ತೆಗೆದು ಒತ್ತಿ ಹಿಡಿದುಕೊಂಡರು.

"ದೊಡ್ಡ ಪಾತ್ರೆ ಕೊಟ್ಟು ಕೊಂದೆ" ಎಂದರು. ಯಾರಿಗೂ ಹೇಳಿದ್ದಲ್ಲ.

ಶಾಲಿನಿ ಪಕ್ಕದಲ್ಲಿ ಕೂತಳು. "ಇನ್ನೂ ಸತ್ತಿಲ್ಲ. ಬೇರು ಕಡಿಮೆ ಇದ್ದಾಗ ಮಣ್ಣು ಜಾಸ್ತಿ ಆದ್ರೆ ಅಷ್ಟು ನೀರು ಕುಡಿಯೋರು ಯಾರು? ಅಲ್ಲೇ ನಿಂತು ಕೊಳೆಯುತ್ತೆ. ಈಗ ಚಿಕ್ಕದು ಬೇಕು, ತೆಳ್ಳಗಿರಬೇಕು. ಮಣ್ಣಿನದೇ ಆದ್ರೆ ಒಳ್ಳೇದು, ಹಸಿ ಎಳ್ಕೊಳ್ಳುತ್ತೆ. ನನ್ನ ಹತ್ರ ಖಾಲಿ ಇಲ್ಲ. ಬೆಂಗಳೂರಿಂದ ತರಿಸೋಕೆ ಟೈಮಿಲ್ಲ. ಇವತ್ತು ನಾಳೆಯೊಳಗೆ ಹೊಸ ಮಣ್ಣಿಗೆ ಹಾಕಬೇಕು."

ಸಂತೆಯಲ್ಲಿ ಕುಂಬಾರರ ಜವರಮ್ಮ ಟಾರ್ಪಾಲಿನ ಕೆಳಗೆ ಕೂತದ್ದನ್ನು ನಾನು ಬೆಳಿಗ್ಗೆಯೇ ಕಂಡಿದ್ದೆ. ಮರದ ಬೇರಿಗೆ ಒದ್ದೆ ಗೋಣಿ ಸುತ್ತಿಟ್ಟು, ನಾನೂ ರುದ್ರಾಣಮ್ಮನೂ ಒಂದೇ ಕೊಡೆಯಲ್ಲಿ ಹೋದೆವು.

ಜವರಮ್ಮನ ಹತ್ತಿರ ಮಾಲು ಮುಗಿಯುತ್ತಾ ಬಂದಿತ್ತು. ಎರಡು ಗಡಿಗೆ, ಕೆಲವು ಮುಚ್ಚಳ, ಮೂರು ರೊಟ್ಟಿ ಹೆಂಚು. ಅಕ್ಕಿರೊಟ್ಟಿ ಸುಡುವ ಮಣ್ಣಿನ ಹೆಂಚು, ನಾಲ್ಕು ಬೆರಳು ಆಳ, ಅಗಲ ಎರಡು ಗೇಣು ಇಲ್ಲ. ರುದ್ರಾಣಮ್ಮ ಒಂದನ್ನು ಎತ್ತಿ ಬೆರಳಲ್ಲಿ ತಟ್ಟಿದರು. ಠಣ್ ಎಂದಿತು. ಒಳಗೆ ಮುಷ್ಟಿ ಇಟ್ಟು ಅಳತೆ ನೋಡಿದರು. ಮುಖ ಸ್ವಲ್ಪ ಗೆಲುವಾಯಿತು.

"ಇದು ಆಗುತ್ತೆ. ಜವರಮ್ಮ, ಇದರ ತಳಕ್ಕೆ ಒಂದು ತೂತು ಹಾಕಿಕೊಡು."

ಜವರಮ್ಮ ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿದಳು. ಪಕ್ಕದಲ್ಲಿ ಸೌತೆಕಾಯಿ ಮಾರುವವಳೂ ತಿರುಗಿದಳು. ಜವರಮ್ಮ ತಗ್ಗಿದ ದನಿಯಲ್ಲಿ, "ಯಾರಿಗವ್ವ, ಏನಾಯ್ತು?" ಎಂದು ಕೇಳಿದಳು.

"ಬಸರಿಗೆ."

"ಬಸರಿನೋ ಗಿಸರಿನೋ. ಹೊಸ ಪಾತ್ರೆಗೆ ತೂತು ಹಾಕು ಅಂತ ಸಂತೇಲಿ ನಿಂತು ಹೇಳೂದಾ? ಒಡೆದು ಎಸಿ ಅನ್ನಿ, ಎಸಿತೀನಿ. ತೂತು ಹಾಕಲ್ಲ."

ರುದ್ರಾಣಮ್ಮ ನನ್ನ ಮುಖ ನೋಡಿದರು. ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ನಮ್ಮಲ್ಲಿ ಸತ್ತವರನ್ನು ಸುಡುತ್ತಾರೆ. ಮಗ ನೀರಿನ ಗಡಿಗೆ ಹೆಗಲ ಮೇಲಿಟ್ಟು ಚಿತೆ ಸುತ್ತುವಾಗ ಗಡಿಗೆಗೆ ತೂತು ಮಾಡುತ್ತಾರೆ, ನೀರು ಸುರಿಯುತ್ತಾ ಹೋಗುತ್ತದೆ. ಮನೆಯ ಪಾತ್ರೆಗೆ ಕೈಯಾರೆ ತೂತು ಹಾಕುವುದು ಆ ಒಂದು ಕೆಲಸಕ್ಕೇ. ರುದ್ರಾಣಮ್ಮನವರಲ್ಲಿ ಮಣ್ಣು ಮಾಡುತ್ತಾರೆ, ಕೂರಿಸಿ ವಿಭೂತಿ ಇಟ್ಟು. ಅಲ್ಲಿ ಗಡಿಗೆಗೆ ಕೆಲಸವೇ ಇಲ್ಲ. ಅವರ ಕಿವಿಯಲ್ಲಿ ಇಷ್ಟನ್ನು ನಾನು ಹೇಳಿದಾಗ ಕೆನ್ನೆ ಮುಟ್ಟಿಕೊಂಡರು.

"ತಪ್ಪಾಯ್ತು ಜವರಮ್ಮ. ಆದರೆ ಹೂವಿನ ಕುಂಡಕ್ಕೆ ನೀನೇ ತೂತು ಇಡ್ತೀಯಲ್ಲ?"

"ಕುಂಡದ್ದು ಬೇರೆ. ಅದು ಹುಟ್ಟೋವಾಗಲೇ ತೂತು ಇಟ್ಕೊಂಡು ಹುಟ್ಟುತ್ತೆ. ಇದು ಅನ್ನದ ಜಾತಿದು."

"ಹಂಗಾದ್ರೆ ಇದೇ ಅಳತೆಗೆ ಒಂದು ಕುಂಡ ಮಾಡಿಕೊಡು."

"ಈ ಮಳೇಲಾ? ಗಡಿಗೆ ಸುಡೋ ಆವಿಗೆಗೆ ಬೆಂಕಿ ಹಾಕೂದು ದೀಪಾವಳಿ ಕಳೆದ ಮೇಲೆ. ಅಲ್ಲಿ ತನಕ ಹಸಿ ಮಣ್ಣು ಒಣಗಲ್ಲ. ನಿಮ್ಮ ಮರ ಕಾಯ್ತದಾ, ಕೇಳಿ ನೋಡಿ."

ಮರ ಕಾಯುವ ಹಾಗಿರಲಿಲ್ಲ. ಹೆಂಚನ್ನು ಹಾಗೆಯೇ ತೆಗೆದುಕೊಂಡೆವು. ನಾವು ಹೊರಟಾಗ ಜವರಮ್ಮ ಹಿಂದಿನಿಂದ ಕರೆದು ಇನ್ನೊಂದು ಹೆಂಚನ್ನೂ ಕೈಗಿಟ್ಟಳು. "ಮೊದಲನೇದು ಒಡೀತದೆ. ನನಗೆ ಗೊತ್ತು. ತೂತು ಹಾಕೂದನ್ನ ನನ್ನ ಕಣ್ಣಿಗೆ ಮಾತ್ರ ತೋರಿಸಬೇಡಿ."

ಅಂಗಡಿಗೆ ಬಂದು ಹೆಂಚು ಎರಡನ್ನೂ ಬಸವರಾಜಪ್ಪನವರ ಮುಂದೆ ಇಟ್ಟು ರುದ್ರಾಣಮ್ಮ ನಿಂತರು. ಕೇಳಲು ಬಾಯಿ ಬರಲಿಲ್ಲ. ಮದುವೆಯಾದಾಗಿನಿಂದ ಆ ಅಂಗಡಿಯೊಳಗೆ ಒಂದು ಮೊಳೆ ಪಾತ್ರೆಗೆ ತಾಗಿದ್ದನ್ನು ಕಂಡವರಲ್ಲ. ಸವೆದ ತಪಲೆಯನ್ನು ಸಹ ಮಾವನವರು ಇಲ್ಲಿ ತಟ್ಟಬೇಡಿ, ಹೊರಗೆ ಹೋಗಿ ಎನ್ನುತ್ತಿದ್ದರಂತೆ.

ಬಸವರಾಜಪ್ಪನವರು ಹೆಂಚನ್ನು ತಿರುಗಿಸಿ ಮುರುಗಿಸಿ ನೋಡಿದರು. ಬೆಳಕಿಗೆ ಹಿಡಿದು ನೋಡಿದರು. ಅಭ್ಯಾಸಬಲ, ಬಿರುಕು ಇದೆಯಾ ಎಂದು.

"ಇದು ನಮ್ಮ ಅಂಗಡಿ ಮಾಲಲ್ಲ" ಎಂದರು.

"ಅಲ್ಲ" ಎಂದರು ರುದ್ರಾಣಮ್ಮ.

"ಹಂಗಾದ್ರೆ ಅಪ್ಪನ ಮಾತು ಇದಕ್ಕೆ ಹಿಡಿಯಲ್ಲ."

ಪಾತ್ರೆಯ ಮೇಲೆ ಹೆಸರು ಕೊರೆಯುವ ಕರೆಂಟಿನ ಪೆನ್ನು ಪ್ರತಿ ಪಾತ್ರೆ ಅಂಗಡಿಯಲ್ಲೂ ಇರುತ್ತದೆ. ಮದುವೆಯ ಉಡುಗೊರೆಗೆ ಕೊಟ್ಟವರ ಹೆಸರು, ಊರು, ತಾರೀಕು ಕೊರೆಯುವುದು ಬಸವರಾಜಪ್ಪನವರ ಕೆಲಸ, ಒಳ್ಳೆ ಮುದ್ದಾದ ಅಕ್ಷರ. ಆ ಪೆನ್ನನ್ನು ಹಿಡಿದು ಹಿಂದಿನ ಅಂಗಳಕ್ಕೆ ಹೋದರು. ಹೆಂಚನ್ನು ಒದ್ದೆ ಗೋಣಿಯ ಮೇಲೆ ಬೋರಲು ಹಾಕಿ, ಕಾಸಿನಗಲ ಗುರುತು ಹಾಕಿ, ಅದರ ಸುತ್ತ ಚುಕ್ಕಿ ಚುಕ್ಕಿ ಇಡುತ್ತಾ ಬಂದರು. ಕುಟ್‌ರ್ ಎಂದು ಸದ್ದು, ಕೆಂಪು ಪುಡಿ. ಮೊದಲನೆಯದು ಇನ್ನೇನು ಆಯಿತು ಎನ್ನುವಾಗ ಎರಡು ಹೋಳಾಯಿತು. ಅವರು ಬೈದುಕೊಳ್ಳಲಿಲ್ಲ. ಎರಡನೆಯದನ್ನು ನೀರಿನಲ್ಲಿ ಅದ್ದಿ ನೆನೆಹಾಕಿ, ಕೂತು ಕಾದು, ಮತ್ತೆ ಶುರು ಮಾಡಿದರು. ಮುಂಗಡೆ ಒಬ್ಬ ಗಿರಾಕಿ ಬಂದು, ಯಾರಿದ್ದೀರಿ ಎಂದು ಕೂಗಿ ಹೋದ. ಇಬ್ಬರೂ ಏಳಲಿಲ್ಲ. ನಮ್ಮ ಬಸ್ಸೂ ಹೋಯಿತು. ಒಂದು ತೂತು ಆಯಿತು. ಶಾಲಿನಿ ಎರಡು ಇದ್ದರೆ ಒಳ್ಳೆಯದು ಎಂದಳು. ಎರಡೂ ಆಯಿತು.

"ಸಣ್ಣದಾಯ್ತಾ?" ಎಂದು ಹೆಂಡತಿಯನ್ನು ಕೇಳಿದರು.

"ಸರಿಯಾಗಿದೆ."

ಮರಳು, ಇಟ್ಟಿಗೆ ಪುಡಿ, ಸ್ವಲ್ಪವೇ ಮಣ್ಣು ಹಾಕಿ ಬಸರಿಯನ್ನು ಹೆಂಚಿನಲ್ಲಿ ಕೂರಿಸಿದರು. ಅಲ್ಲಾಡಬಾರದೆಂದು ತೂತಿನಿಂದ ತಂತಿ ತೂರಿಸಿ ಬೇರಿಗೆ ಕಟ್ಟಿದಳು ಶಾಲಿನಿ. ಒಂದು ಕೊಂಬೆ, ಅದರ ಮೇಲೆ ಎಣಿಸಿದಷ್ಟು ಎಲೆ. ಮರುವಾರ ನಾನು ಹೋಗುವ ಹೊತ್ತಿಗೆ ಅವೂ ಇರಲಿಲ್ಲ. ಕಡ್ಡಿ ನೆಟ್ಟ ಹಾಗಿತ್ತು.

ಅದಾದ ಮೇಲೆ ಕಾಯುವುದೊಂದೇ. ಬದುಕಿದೆಯಾ ಇಲ್ಲವಾ ಎಂದು ತಿಳಿಯಲು ತೊಗಟೆಯನ್ನು ಉಗುರಲ್ಲಿ ಸ್ವಲ್ಪ ಗೀರಿ ನೋಡಬಹುದು, ಒಳಗೆ ಹಸಿರಿದ್ದರೆ ಜೀವ ಇದೆ ಎಂದು ಶಾಲಿನಿ ಹೇಳಿದ್ದಳು. ರುದ್ರಾಣಮ್ಮ ಗೀರಲಿಲ್ಲ.

"ಗೀರಿ ಒಣಗಿದ್ದು ಕಂಡ್ರೆ ಎಂತ ಮಾಡೂದು? ಹೀಗೇ ಇರಲಿ. ಗೊತ್ತಿಲ್ಲದೆ ಇರೋ ತನಕ ಇದೆ ಅಂತಲೇ ಅಲ್ವಾ."

"ನಾನು ನೋಡಲಾ?" ಎಂದು ಸುಬ್ಬಣ್ಣ ಉಗುರು ಮುಂದೆ ಮಾಡಿದ.

"ಮುಟ್ಟಿದ್ರೆ ನಿಮ್ಮ ಕ್ಯಾರಿಯರಿಗೆ ನಾನೇ ತೂತು ಹಾಕ್ತೀನಿ" ಎಂದರು. ಸುಬ್ಬಣ್ಣ ಬಸವರಾಜಪ್ಪನವರ ಮುಖ ನೋಡಿದ. ಅವರು ತಲೆ ತಗ್ಗಿಸಿ ಒಂದು ತಟ್ಟೆಗೆ ಯಾರದೋ ಹೆಸರು ಕೊರೆಯುತ್ತಿದ್ದರು, ನಗು ಮೀಸೆಯ ಕೆಳಗೆ ಇತ್ತು.

ಎಲೆ ಇಲ್ಲದ ಮರವನ್ನು ಒರೆಸಲು ಏನೂ ಇರಲಿಲ್ಲ. ಆದರೂ ಬೆಳಿಗ್ಗೆ ಒಮ್ಮೆ ಹೆಂಚಿನ ಅಂಚನ್ನು ಒರೆಸುತ್ತಿದ್ದರು. ಮಳೆ ಜೋರಾದರೆ ಒಳಗೆ ತರುವರು, ಹೊಳವಾದರೆ ಹೊರಗಿಡುವರು. ದಾರಿಯಲ್ಲಿ ಹೋಗುವವರು ಏನದು ಕಡ್ಡಿ ಎಂದು ಕೇಳಿದರೆ ಮೊದಲಿನ ಹಾಗೆ ತಿರುಗಿ ಅನ್ನುತ್ತಿರಲಿಲ್ಲ. ನಾನು ಇನ್ನೇನು ಹೇಳಲಿ, ಬೆಂಚಿನ ಮೇಲೆ ಕೂತು ಅವರ ಜೊತೆ ನಾನೂ ನೋಡುತ್ತಿದ್ದೆ.

ಶ್ರಾವಣ ಮುಗಿಯುತ್ತಾ ಬಂದಿತ್ತು. ಅವತ್ತು ನನ್ನ ಕೆಸು ಬೇಗ ಖರ್ಚಾಗಿ ಬೆಳಿಗ್ಗೆಯೇ ಅಂಗಡಿಗೆ ಬಂದೆ. ಬಿಸಿಲು ಬಿದ್ದಿತ್ತು. ರುದ್ರಾಣಮ್ಮ ಒಳಗೆ ಪೂಜೆಯಲ್ಲಿದ್ದರು. ಬಸವರಾಜಪ್ಪನವರು ಬಾಗಿಲು ತೆಗೆದು, ಸ್ಟೂಲು ಹೊರಗೆ ಇಟ್ಟು, ಹೆಂಚನ್ನು ಅದರ ಮೇಲಿಡಲು ಬಗ್ಗಿದವರು ಬಗ್ಗಿದಂತೆಯೇ ನಿಂತುಬಿಟ್ಟರು. ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ನನ್ನ ಕಡೆ ನೋಡಿ, ಬಾಯಿಯ ಮೇಲೆ ಬೆರಳಿಟ್ಟರು.

ಹತ್ತಿರ ಹೋಗಿ ನೋಡಿದೆ. ಕತ್ತರಿಸಿದ ಕೊಂಬೆಯ ಬುಡದಲ್ಲಿ ಅಲ್ಲ, ಉಳಿದ ಕೊಂಬೆಯ ತುದಿಯಲ್ಲೂ ಅಲ್ಲ, ಬುಡದ ಗಂಟಿನ ಹತ್ತಿರ, ಯಾರೂ ನೋಡದ ಕಡೆ, ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ, ತಾಮ್ರದ ಬಣ್ಣದ ಒಂದು ಮೊನೆ.

ಕರೆಯಲಾ ಎಂದು ಸನ್ನೆ ಮಾಡಿದೆ. ಬೇಡ ಎಂದು ತಲೆ ಆಡಿಸಿದರು. ಹೆಂಚನ್ನು ಮೆಲ್ಲಗೆ ತಿರುಗಿಸಿ, ಆ ಮೊನೆ ರುದ್ರಾಣಮ್ಮ ಕೂರುವ ಕುರ್ಚಿಯ ಕಡೆಗೆ ಬರುವ ಹಾಗೆ ಇಟ್ಟು, ಹೋಗಿ ತಮ್ಮ ಜಾಗದಲ್ಲಿ ಕೂತರು.

ರುದ್ರಾಣಮ್ಮ ಬಂದರು. ಗಿರಾಕಿಗಳೂ ಬಂದರು. ಗೌರಿಹಬ್ಬ ಹತ್ತಿರವಾದ್ದರಿಂದ ಬಾಗಿನಕ್ಕೆ ಬೇಕಾದ ಬಟ್ಟಲು, ತಟ್ಟೆ ಎಂದು ಹೆಂಗಸರ ಗದ್ದಲ. ಅವರಿಗೆ ಸ್ಟೂಲಿನ ಕಡೆ ತಿರುಗುವುದಕ್ಕೇ ಪುರುಸೊತ್ತಿಲ್ಲ. ಬಸವರಾಜಪ್ಪನವರಿಗೆ ಕೂತಲ್ಲಿ ಕೂರಲು ಆಗುತ್ತಿಲ್ಲ. ಒಮ್ಮೆ ನೀರಿನ ತಂಬಿಗೆಯನ್ನು ಸ್ಟೂಲಿನ ಪಕ್ಕದಲ್ಲಿಟ್ಟು ಬಂದರು. ಸ್ವಲ್ಪ ಹೊತ್ತಿಗೆ, "ಅಲ್ಲಿ ಬಿಸಿಲು ಜಾಸ್ತಿ ಆಯ್ತೇನೋ ನೋಡು" ಎಂದರು. "ಆಗಿಲ್ಲ" ಎಂದು ನೋಡದೆಯೇ ಹೇಳಿದರು ರುದ್ರಾಣಮ್ಮ. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದೆ.

ಮಧ್ಯಾಹ್ನ ಗದ್ದಲ ಇಳಿದ ಮೇಲೆ ಅವರು ಕುರ್ಚಿಗೆ ಒರಗಿ, ಸೊಂಟದ ಬಟ್ಟೆ ತೆಗೆದು, ಹೆಂಚಿನ ಅಂಚು ಒರೆಸಲು ಕೈ ಚಾಚಿದರು. ಕೈ ಅಲ್ಲೇ ನಿಂತಿತು. ಮುಖವನ್ನು ಇನ್ನೂ ಹತ್ತಿರ ತಂದರು. ಮುಟ್ಟಲಿಲ್ಲ.

ಆಮೇಲೆ ಅದೇ ಬಟ್ಟೆಯಲ್ಲಿ ಕಣ್ಣು ಒರೆಸಿಕೊಂಡು ಗಂಡನ ಕಡೆ ತಿರುಗಿದರು.

"ರೀ, ಇದನ್ನ ಬೆಳಿಗ್ಗೆ ಇಡೋವಾಗಲೇ ನೋಡಿದ್ರಾ?"

ಬಸವರಾಜಪ್ಪನವರು ಕೊರೆಯುತ್ತಿದ್ದ ಬಟ್ಟಲಿನಿಂದ ತಲೆ ಎತ್ತಿದರು.

"ಎಂತದನ್ನ?" ಎಂದರು.